ಶಾಕ್ ಕೊಟ್ಟ ತಕ್ಷಣ ನಾಡಿ ಯಾಕೆ ನೋಡಬಾರದು: ಸಿಪಿಆರ್ ಕ್ಲಾಸಿನ ಟಿಪ್ಪಣಿ

ಎರಡು ದಿನದ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಡುವುದು) ಪ್ರಾಕ್ಟಿಕಲ್ ನಿನ್ನೆ ಮುಗಿಯಿತು. ತೋಳು ಇನ್ನೂ ನೋಯುತ್ತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕೈ ಎಲ್ಲಿಡಬೇಕು, ಕತ್ತಿನ ನಾಡಿ ಎಲ್ಲಿ ಸಿಗುತ್ತದೆ ಎನ್ನುವುದು ನಿಮಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ.

ಇಷ್ಟು ಆತುರ ಯಾಕೆ?

ವಾರ್ಡಿನಲ್ಲಿ ರೋಗಿಯ ಹೃದಯ ನಿಂತಾಗ ಹತ್ತಿರ ಇರುವುದು ಹೆಚ್ಚಾಗಿ ನರ್ಸ್. ರಾತ್ರಿ ಡ್ಯೂಟಿಯಲ್ಲಂತೂ ನಾವೇ. ವಿ.ಎಫ್. (ಹೃದಯ ಬಡಿಯದೆ ಅಡ್ಡಾದಿಡ್ಡಿ ನಡುಗುವುದು) ಆದವರಿಗೆ ಸಿಪಿಆರ್ ಸಿಗದೆ, ಎದೆಗೆ ಕೊಡುವ ವಿದ್ಯುತ್ ಶಾಕ್ ಕೂಡ ತಡವಾದರೆ, ಒಂದೊಂದು ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಎದೆ ಒತ್ತುತ್ತಿದ್ದರೆ ಈ ಇಳಿತ ನಿಧಾನವಾಗುತ್ತದೆ. ಡಾಕ್ಟರ್ ಮೇಲಿನ ಮಹಡಿಯಿಂದ ಬರುವವರೆಗಿನ ನಿಮಿಷಗಳು ನಮ್ಮ ಕೈಯಲ್ಲಿವೆ.

ಒಂದು ಎಚ್ಚರಿಕೆ: ಹೃದಯ ನಿಂತ ಮೇಲೂ ಕೆಲವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರು ಎಳೆಯುತ್ತಾರೆ. ಅದು ಉಸಿರಾಟ ಅಲ್ಲ. 'ಉಸಿರಾಡ್ತಿದ್ದಾರೆ' ಎಂದು ಕಾಯಬೇಡಿ.

ನಾನು ಎಡವಿದ ಜಾಗ

ಅಭ್ಯಾಸದ ಬೊಂಬೆಯಾದ ಮ್ಯಾನಿಕಿನ್‌ಗೆ ಪ್ಯಾಡ್ ಅಂಟಿಸಿದೆ. ಎಲ್ಲರನ್ನೂ ದೂರ ನಿಲ್ಲಿಸಿದೆ. ಶಾಕ್ ಕೊಟ್ಟೆ. ತಕ್ಷಣ ಬಗ್ಗಿ ಕತ್ತಿನ ಮೇಲೆ ಬೆರಳಿಟ್ಟೆ. 'ಯಾಕಮ್ಮ ನಿಲ್ಲಿಸಿದೆ? ಒತ್ತು!' ಎಂದರು ಮೇಡಂ. ಮೂರು ಸಲ ಇದೇ ಆಯಿತು. ಹೃದಯ ಶುರುವಾಯಿತಾ ಎಂದು ನೋಡದೆ ಮತ್ತೆ ಒತ್ತುವುದು ಹೇಗೆ ಎನ್ನುವುದೇ ನನ್ನ ತಲೆಗೆ ಹೋಗಲಿಲ್ಲ.

ರಾತ್ರಿ ಕೂತು ಯೋಚಿಸಿದಾಗ ಊರಿನ ಬೋರ್‌ವೆಲ್ ಕೈಪಂಪು ನೆನಪಾಯಿತು. ಮೊದಲ ಏಳೆಂಟು ಸಲ ಹೊಡೆದರೂ ಕೆಲವೊಮ್ಮೆ ನೀರು ಬರುವುದಿಲ್ಲ. ಆಮೇಲೆ ಧಾರೆ ಕಟ್ಟುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೊದಲಿನಿಂದ. ಸಿಪಿಆರ್‌ನಲ್ಲೂ ಹಾಗೇ. ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ಹೋಗುವಷ್ಟು ಒತ್ತಡ ಬರಲು ಒಂದರ ಹಿಂದೆ ಒಂದು ಹಲವು ಸಲ ಒತ್ತಬೇಕು. ಕೈ ತೆಗೆದರೆ ಆ ಒತ್ತಡ ಕೆಲವೇ ಸೆಕೆಂಡಿನಲ್ಲಿ ಬಿದ್ದುಹೋಗುತ್ತದೆ. ಈ ರಕ್ತನಾಳಗಳು ತುಂಬುವುದು ಎದೆ ಮೇಲೇಳುವಾಗ. ಪ್ರತಿ ಸಲ ಎದೆಯನ್ನು ಪೂರ್ತಿ ಮೇಲೆ ಬರಲು ಬಿಡಬೇಕು ಎನ್ನುವುದು ಇದಕ್ಕೇ. ಸುಸ್ತಾದಾಗ ನಾನು ಎದೆಯ ಮೇಲೆ ಭಾರ ಬಿಟ್ಟು ಒರಗುತ್ತಿದ್ದೆ, ಅದು ತಪ್ಪು.

ಈಗ ಶಾಕ್‌ಗೆ ಬರೋಣ. ಶಾಕ್ ಮಾಡುವುದು ಒಂದೇ ಕೆಲಸ: ಅಡ್ಡಾದಿಡ್ಡಿ ನಡುಗುತ್ತಿರುವ ಹೃದಯವನ್ನು ಒಮ್ಮೆ ಸುಮ್ಮನಾಗಿಸುವುದು. ಆಮೇಲೆ ಅದರ ಸ್ವಂತ ಲಯ ಮರಳಬೇಕು. ಮರಳಿದರೂ ಆ ಕ್ಷಣಕ್ಕೆ ಸ್ನಾಯು ಬಳಲಿರುತ್ತದೆ, ರಕ್ತವನ್ನು ಜೋರಾಗಿ ತಳ್ಳಲು ಆಗುವುದಿಲ್ಲ. ಮಾನಿಟರಿನಲ್ಲಿ ಚೆಂದದ ಗೆರೆ ಇದ್ದರೂ ಬೆರಳಿಗೆ ನಾಡಿ ಸಿಗದೇ ಇರಬಹುದು. ಅದಕ್ಕೇ ಶಾಕ್ ಆದ ಕೂಡಲೇ ಮತ್ತೆ ಎರಡು ನಿಮಿಷ ಒತ್ತಬೇಕು. ಆಮೇಲೆ ಮಾನಿಟರ್ ನೋಡಬೇಕು. ಲಯ ಸರಿಯಾಗಿ ಕಂಡರೆ ಮಾತ್ರ ನಾಡಿ, ಅದೂ 10 ಸೆಕೆಂಡಿನೊಳಗೆ. ನಡುವೆ ರೋಗಿ ಕಣ್ಣು ಬಿಟ್ಟರೆ, ಕೈ ಆಡಿಸಿದರೆ, ಸರಿಯಾಗಿ ಉಸಿರಾಡಿದರೆ ಮಾತ್ರ ನಿಲ್ಲಿಸಬಹುದು.

'ಬಡಿಯುತ್ತಿರುವ ಹೃದಯವನ್ನೇ ಒತ್ತಿಬಿಟ್ಟರೆ?' ಎಂದು ಕೇಳಿದೆ. ಅದರಿಂದ ಆಗುವ ಅಪಾಯ ಬಹಳ ಕಡಿಮೆ. ಬಡಿಯದ ಹೃದಯವನ್ನು ಸುಮ್ನೆ ಬಿಡುವ ಅಪಾಯ ಎಷ್ಟೋ ಜಾಸ್ತಿ. ಎಇಡಿ (ಲಯವನ್ನು ತಾನೇ ನೋಡಿ ಶಾಕ್ ಬೇಕೇ ಎಂದು ಹೇಳುವ) ಮೆಷಿನ್ ಕೂಡ ಶಾಕ್ ಆದ ಮೇಲೆ ಸಿಪಿಆರ್ ಶುರು ಮಾಡಿ ಎಂದೇ ಹೇಳುತ್ತದೆ. ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಇಡುತ್ತಿರುವುದು ಇದೇ ಮೆಷಿನ್. ಅದನ್ನು ಕಂಡರೆ ಹೆದರದೆ ತೆರೆಯಬೇಕಾದವರು ನಾವೇ ಅಲ್ವಾ?

ಗೆರೆ ನೇರವಾಗಿದ್ದರೆ

ಶಾಕ್ ಇಲ್ಲ. ಸುಮ್ಮನಾಗಿಸಲು ಅಲ್ಲಿ ನಡುಕವೇ ಇಲ್ಲ. ಲಯ ಇದ್ದು ನಾಡಿ ಇಲ್ಲದಿದ್ದರೂ ಶಾಕ್ ಇಲ್ಲ, ಆದರೆ ಅದು ನಾಡಿ ಇಲ್ಲದ ವಿ.ಟಿ. (ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅತಿ ವೇಗದ ಲಯ) ಆಗಿದ್ದರೆ ಕೊಡಬೇಕು. ಶಾಕ್ ಇಲ್ಲದ ಕಡೆ ಒತ್ತುವುದು, 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್ ಇಂಜೆಕ್ಷನ್, ಜೊತೆಗೆ ಕಾರಣ ಹುಡುಕುವುದು. ವಿ.ಎಫ್. ಇದ್ದಾಗ ಶಾಕ್ ಮೆಷಿನ್ನಿನ ಸಿಂಕ್ ಬಟನ್ (ಬಡಿತಕ್ಕೆ ಹೊಂದಿಸಿ ಶಾಕ್ ಕೊಡಲು) ಆಫ್ ಇರಲಿ. ಸಿಂಕ್‌ನಲ್ಲಿ ಮೆಷಿನ್ ಆರ್ ತರಂಗಕ್ಕೆ (ಪ್ರತಿ ಬಡಿತಕ್ಕೆ ಗೆರೆಯಲ್ಲಿ ಏಳುವ ಚೂಪು ಮೊನೆ) ಕಾಯುತ್ತದೆ, ವಿ.ಎಫ್.ನಲ್ಲಿ ಅದು ಇರುವುದೇ ಇಲ್ಲ.

ಎಣಿಕೆ

ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ. ಕನ್ನಡದಲ್ಲಿ ಎಣಿಸುವವರಿಗೆ ಒಂದು ತೊಂದರೆ ಇದೆ. 'ಇಪ್ಪತ್ತೊಂದು, ಇಪ್ಪತ್ತೆರಡು' ಬಂದಾಗ ಬಾಯಿ ನಿಧಾನವಾಗುತ್ತದೆ, ಜೊತೆಗೆ ಕೈಯೂ. ನಾನು ಒಂದರಿಂದ ಒಂಬತ್ತು ಎಣಿಸಿ 'ಹತ್ತು' ಎನ್ನುತ್ತೇನೆ. ಮತ್ತೆ ಒಂದರಿಂದ ಒಂಬತ್ತು, 'ಇಪ್ಪತ್ತು'. ಇನ್ನೊಮ್ಮೆ, 'ಮೂವತ್ತು'. ಆಮೇಲೆ ಹಿಸುಕಿ ಉಸಿರು ತುಂಬುವ ಆಂಬು ಬ್ಯಾಗ್‌ನಿಂದ ಎರಡು ಉಸಿರು. ಮೂವತ್ತು ಮುಗಿಯಲು 15ರಿಂದ 18 ಸೆಕೆಂಡ್ ಹಿಡಿದರೆ ವೇಗ ಸರಿ ಇದೆ ಎಂದರ್ಥ.

ಹಾಸಿಗೆ ಮೆತ್ತಗಿದ್ದರೆ ಬೆನ್ನ ಕೆಳಗೆ ಗಟ್ಟಿ ಹಲಗೆ ಇಡಿ, ಏರ್ ಬೆಡ್ ಆಗಿದ್ದರೆ ಗಾಳಿ ಬಿಡಿ. ಕುಳ್ಳಗಿರುವವರು ಸ್ಟೂಲ್ ಹತ್ತಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು.

ಕಲಿತದ್ದು ಕೆಲವೇ ತಿಂಗಳಲ್ಲಿ ಕೈತಪ್ಪುತ್ತದೆ. ಅದಕ್ಕೇ ಪ್ರತಿ ತಿಂಗಳ ಒಂದು ಶನಿವಾರ ಸ್ಕಿಲ್ ಲ್ಯಾಬ್ ಕೀ ಕೇಳಿದ್ದೇವೆ. ಒಬ್ಬರು ಒತ್ತುವುದು, ಒಬ್ಬರು ಮೆಷಿನ್ ನೋಡುವುದು, ಒಬ್ಬರು ವಾಚ್ ಹಿಡಿದು ಕೈ ಎಷ್ಟು ಸೆಕೆಂಡ್ ನಿಂತಿತು ಎಂದು ಬರೆಯುವುದು. ನಿನ್ನೆ ಶಾಕ್ ಸಮಯದಲ್ಲಿ ನನ್ನ ಕೈ 14 ಸೆಕೆಂಡ್ ನಿಂತಿತ್ತು. ಶಾಕ್ ಮೆಷಿನ್ ಚಾರ್ಜ್ ಆಗುವಾಗಲೂ ಒತ್ತುತ್ತಲೇ ಇದ್ದರೆ ಅದು 10ರ ಕೆಳಗೆ ಬರುತ್ತದೆ. ಈ ಶನಿವಾರ ಮೊದಲು ಅದನ್ನೇ ಮಾಡಿ ನೋಡುತ್ತೇನೆ.