ಕರೆಂಟ್ ಹೋದಾಗ ಬಿಲ್ಲು ಎಲ್ಲಿರುತ್ತದೆ?

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಒಂದು ದಾಲ್ ಮಿಲ್. ಆಫೀಸಿನ ಮೂಲೆಯಲ್ಲಿ 16 ಜಿಬಿ ರ್‍ಯಾಮ್‌ನ ಒಂದೇ ಕಂಪ್ಯೂಟರ್, ಅದರೊಳಗೆ ಮೂರು ವರ್ಚುವಲ್ ಮಶೀನ್ (ತಂತ್ರಾಂಶದಿಂದ ಕಟ್ಟಿದ ಒಳ ಕಂಪ್ಯೂಟರ್): ಒಂದರಲ್ಲಿ ತೂಕದ ಲೆಕ್ಕ, ಇನ್ನೊಂದರಲ್ಲಿ ಬಿಲ್ಲು, ಮತ್ತೊಂದರಲ್ಲಿ ಗೋದಾಮಿನ ದಾಸ್ತಾನು. ಗುಮಾಸ್ತರು ಒಂದು ಬಿಲ್ಲು ಸೇವ್ ಮಾಡಿದರೆ ಅದರ ನಕಲು ಒಳಗಿನ ಲಿನಕ್ಸ್‌ನ (ಗೆಸ್ಟ್) ಪೇಜ್ ಕ್ಯಾಶ್‌ನಲ್ಲಿ, ಅಂದರೆ ಫೈಲುಗಳ ನಕಲು ಇಡುವ ಮೆಮೊರಿ ಜಾಗದಲ್ಲಿ, ಕೂರುತ್ತದೆ. ಸಾಮಾನ್ಯ ವ್ಯವಸ್ಥೆಯಲ್ಲಿ ಹೊರಗಿನ ಲಿನಕ್ಸ್ (ಹೋಸ್ಟ್) ಕೂಡ ಅದನ್ನೇ ತನ್ನ ಕ್ಯಾಶ್‌ನಲ್ಲಿ ಇನ್ನೊಮ್ಮೆ ಇಟ್ಟುಕೊಳ್ಳುತ್ತದೆ. ಒಂದೇ ಬಿಲ್ಲಿಗೆ ಎರಡು ಕಡೆ ರ್‍ಯಾಮ್ ಖರ್ಚು.

ಈ ದುಪ್ಪಟ್ಟು ಖರ್ಚು ತಪ್ಪಿಸಲು ಬಂದದ್ದು ವರ್ಟಿಯೋ-ಪಿಮೆಮ್ (virtio-pmem) ಎಂಬ ವರ್ಚುವಲ್ ಸಾಧನ. 2019ರಲ್ಲಿ ಲಿನಕ್ಸ್ 5.3 ಮತ್ತು ವರ್ಚುವಲ್ ಮಶೀನ್ ನಡೆಸುವ ತಂತ್ರಾಂಶವಾದ ಕ್ಯೂಎಮು (QEMU) 4.1ರಲ್ಲಿ ಸೇರಿತು. ಹೋಸ್ಟ್‌ನ ಡಿಸ್ಕಿನಲ್ಲಿರುವ ಸಾಧಾರಣ ಫೈಲೊಂದನ್ನು ಗೆಸ್ಟ್‌ಗೆ ಶಾಶ್ವತ ಮೆಮೊರಿ (ಪಿಮೆಮ್: ಕರೆಂಟ್ ಹೋದರೂ ಅಳಿಯದ ಮೆಮೊರಿ) ಎಂದು ತೋರಿಸುತ್ತದೆ. ಗೆಸ್ಟ್ ಒಳಗೆ ಪಿಮೆಮ್0 ಎಂಬ ಸಾಧನ ಕಾಣುತ್ತದೆ. ಎಕ್ಸ್‌ಟಿ4 ಇಲ್ಲವೇ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಹಾಕಿ, ಡಾಕ್ಸ್ (dax, ನೇರ ಪ್ರವೇಶ) ಆಯ್ಕೆಯೊಂದಿಗೆ ಮೌಂಟ್ ಮಾಡಿದರೆ ಫೈಲಿನ ಓದು-ಬರಹ ಗೆಸ್ಟ್‌ನ ಕ್ಯಾಶ್ ಮುಟ್ಟದೆ ನೇರವಾಗಿ ಹೋಸ್ಟ್‌ನ ಕ್ಯಾಶ್ ಪುಟಗಳಲ್ಲೇ ನಡೆಯುತ್ತದೆ. ಬ್ಲಾಕ್ ಗಾತ್ರ 4096 ಬೈಟ್ ಇರಲಿ.

ಉಳಿತಾಯ ಪುಕ್ಕಟೆಯಲ್ಲ. ಪ್ರತಿ 4 ಕೆಬಿ ಪುಟಕ್ಕೂ ಗೆಸ್ಟ್ ಕರ್ನಲ್ (ಲಿನಕ್ಸ್‌ನ ತಿರುಳು) 64 ಬೈಟ್‌ನ ದಾಖಲೆ ಇಡುತ್ತದೆ. 4 ಜಿಬಿ ಸಾಧನಕ್ಕೆ 64 ಎಂಬಿ ಗೆಸ್ಟ್ ರ್‍ಯಾಮ್ ಹೋಯಿತೆಂದೇ ಲೆಕ್ಕ. 512 ಎಂಬಿಯ ಪುಟ್ಟ ಗೆಸ್ಟ್‌ಗೆ ಅದು ಭಾರವೇ.

ಕಟ್ಟುವಾಗ ಮೊದಲು ಹೋಸ್ಟ್‌ನಲ್ಲಿ ಫೈಲ್ ಮಾಡಿಕೊಳ್ಳಬೇಕು. ಟ್ರಂಕೇಟ್ ಆಜ್ಞೆ ಬಳಸಿದರೆ 4 ಜಿಬಿ ಎಂದು ಕಾಣುತ್ತದೆ, ಡಿಸ್ಕಿನಲ್ಲಿ ಜಾಗ ಮಾತ್ರ ಹಿಡಿದಿರುವುದಿಲ್ಲ. ಮುಂದೊಂದು ದಿನ ಹೋಸ್ಟ್ ಡಿಸ್ಕ್ ತುಂಬಿದಾಗ ಗೆಸ್ಟ್ ಆ ಖಾಲಿ ಜಾಗಕ್ಕೆ ಬರೆಯಲು ಹೋದರೆ, 'ಜಾಗವಿಲ್ಲ' ಎಂಬ ಸಂದೇಶವೂ ಬರುವುದಿಲ್ಲ. ಮೆಮೊರಿ ಎಟುಕದಾಗ ಬರುವ ಸಿಗ್‌ಬಸ್ ಸಿಗ್ನಲ್ ಬಿದ್ದು ಇಡೀ ವರ್ಚುವಲ್ ಮಶೀನೇ ಸಾಯಬಹುದು. ಹಾಗಾಗಿ ಫಾಲೊಕೇಟ್ ಆಜ್ಞೆಯಿಂದ ಜಾಗ ಮೊದಲೇ ಕಾಯ್ದಿರಿಸಿ. ಫೈಲ್ ರಾ (raw, ಕಚ್ಚಾ) ರೂಪದಲ್ಲಿರಬೇಕು, ಕ್ಯೂಎಮುವಿನದೇ ಆದ ಕ್ಯೂಕೌ2 ರೂಪ ಆಗದು. ಗಾತ್ರವನ್ನು 128 ಎಂಬಿಯ ಗುಣಕದಲ್ಲಿ ಇಡುವುದು ಕ್ಷೇಮ. ಕ್ಯೂಎಮುವಿನಲ್ಲಿ ಈ ಫೈಲನ್ನು ಜೋಡಿಸುವ ಮೆಮೊರಿ-ಬ್ಯಾಕೆಂಡ್-ಫೈಲ್ ಆಯ್ಕೆಗೆ ಶೇರ್=ಆನ್ ಕೊಡಲೇಬೇಕು; ಮರೆತರೆ ಬರೆದದ್ದು ಫೈಲಿಗೆ ತಲುಪುವುದೇ ಇಲ್ಲ. ಮೆಮೊರಿಯ ಗರಿಷ್ಠ ಮಿತಿಯಾದ ಮ್ಯಾಕ್ಸ್‌ಮೆಮ್ ಅಂಕಿ ಗೆಸ್ಟ್ ರ್‍ಯಾಮ್ ಮತ್ತು ಈ ಸಾಧನ ಎರಡನ್ನೂ ಹಿಡಿಸುವಷ್ಟು ದೊಡ್ಡದಿರಲಿ.

ಇನ್ನು ಬಿಲ್ಲಿನ ಕಥೆ. ಹೆಸರು ಶಾಶ್ವತ ಮೆಮೊರಿಯಾದರೂ ಗೆಸ್ಟ್ ಬರೆದ ಅಕ್ಷರ ಆ ಕ್ಷಣಕ್ಕೆ ಇರುವುದು ಹೋಸ್ಟ್‌ನ ಮಾಮೂಲಿ ರ್‍ಯಾಮ್‌ನಲ್ಲಿ. ಚೀಲ ಲಾರಿಯಿಂದ ಕಟ್ಟೆಗೆ ಇಳಿದಿದೆ, ಗೋದಾಮಿಗೆ ಹೋಗಿಲ್ಲ. ಸುಮ್ಮನೆ ಬಿಟ್ಟರೆ ಲಿನಕ್ಸ್ ಅದನ್ನು ಡಿಸ್ಕಿಗೆ ಇಳಿಸಲು 30 ಸೆಕೆಂಡಿನ ಮೇಲೂ ಆಗಬಹುದು. ಗೆಸ್ಟ್‌ನ ಪ್ರೋಗ್ರಾಂ ಎಫ್‌ಸಿಂಕ್ (ಬರೆದದ್ದನ್ನು ಈಗಲೇ ಡಿಸ್ಕಿಗೆ ಇಳಿಸು ಎಂಬ ಆದೇಶ) ಕರೆದಾಗ ಗೆಸ್ಟ್-ಹೋಸ್ಟ್ ನಡುವಿನ ವರ್ಟಿಯೋ ಸಾಲಿನಲ್ಲಿ ಫ್ಲಶ್ ಕೋರಿಕೆ ಹೋಗುತ್ತದೆ, ಹೋಸ್ಟ್ ತನ್ನ ಫೈಲಿನ ಮೇಲೆ ಎಫ್‌ಸಿಂಕ್ ನಡೆಸಿ ಉತ್ತರ ಕೊಡುತ್ತದೆ. ಆ ಉತ್ತರ ಬಂದಮೇಲಷ್ಟೇ ಬಿಲ್ಲು ಭದ್ರ.

ನಿಜವಾದ ಪಿಮೆಮ್ ಚಿಪ್‌ಗೆಂದು ಬರೆದ ತಂತ್ರಾಂಶ ಇಲ್ಲಿ ಎಡವುತ್ತದೆ. ಪ್ರೊಸೆಸರ್ ಕ್ಯಾಶ್ ಖಾಲಿ ಮಾಡಿದರೆ ಸಾಕೆಂದು ಅದು ನಂಬಿರುತ್ತದೆ. ಅದಕ್ಕೇ ಈ ಸಾಧನದ ಮೇಲೆ ಮ್ಯಾಪ್-ಸಿಂಕ್ (ಎಫ್‌ಸಿಂಕ್ ಇಲ್ಲದೆಯೇ ಬರಹ ಭದ್ರವೆನ್ನುವ ಸೌಲಭ್ಯ) ಕೇಳಿದರೆ ಕರ್ನಲ್ ಒಪ್ಪುವುದಿಲ್ಲ. ಆ ನಿರಾಕರಣೆ ದತ್ತಾಂಶ ಕಾಯುವ ಬಾಗಿಲು, ದಯವಿಟ್ಟು ಒಡೆಯಬೇಡಿ. ಪಿಮೆಮ್ ಬಳಸುವ ತಂತ್ರಾಂಶಗಳಿಗೆ ನೆರವಾಗುವ ಲಿಬ್‌ಪಿಮೆಮ್ ಲೈಬ್ರರಿಯಲ್ಲಿ 'ಇದು ಪಿಮೆಮ್ಮೇ' ಎಂದು ಬಲವಂತ ಮಾಡುವ ಪರಿಸರ ವೇರಿಯಬಲ್ ಇದೆ. ಅದನ್ನು 1 ಮಾಡಿದರೆ ವೇಗ ಕಾಣುತ್ತದೆ, ಕರೆಂಟ್ ಹೋದ ದಿನ ಬಿಲ್ಲು ಕಾಣುವುದಿಲ್ಲ.

ಪರೀಕ್ಷೆಯಲ್ಲೂ ಮೋಸ ಹೋಗುವುದು ಸುಲಭ. ಕ್ಯೂಎಮುವನ್ನು ಕಿಲ್ ಮಾಡಿ, ಮತ್ತೆ ಶುರು ಮಾಡಿ 'ಎಲ್ಲ ಉಳಿದಿದೆ' ಎಂದರೆ ಏನೂ ಸಾಬೀತಾಗದು, ಏಕೆಂದರೆ ಹೋಸ್ಟ್‌ನ ಪೇಜ್ ಕ್ಯಾಶ್ ಇನ್ನೂ ಜೀವಂತ. ಯುಪಿಎಸ್ ಬದಿಗಿಟ್ಟು, ಕಳೆದುಕೊಳ್ಳಲು ದತ್ತಾಂಶವಿಲ್ಲದ ಯಂತ್ರವೊಂದರಲ್ಲಿ ಕ್ರಮಸಂಖ್ಯೆಗಳನ್ನು ಎಫ್‌ಸಿಂಕ್ ಸಮೇತ ಬರೆಯುತ್ತ, ಉತ್ತರ ಬಂದ ಸಂಖ್ಯೆಯನ್ನು ಬೇರೆ ಕಂಪ್ಯೂಟರ್‌ಗೆ ಕಳಿಸುತ್ತ, ಹೋಸ್ಟ್‌ನ ಪ್ಲಗ್ ಕೀಳಬೇಕು. ಮತ್ತೆ ಆನ್ ಮಾಡಿದಾಗ ಆ ಕಂಪ್ಯೂಟರ್ ಕಂಡ ಕೊನೆಯ ಸಂಖ್ಯೆ ಫೈಲಿನಲ್ಲಿ ಇರಲೇಬೇಕು.