ಹ್ಯಾಂಗಿಂಗ್ ಇಂಡೆಂಟ್: ಗ್ರಂಥಋಣದಲ್ಲಿ ಹೆಸರು ಯಾಕೆ ಹೊರಗೆ ಚಾಚಿರಬೇಕು?

ಮಾಮೂಲಿ ಪ್ಯಾರಾದಲ್ಲಿ ಮೊದಲ ಸಾಲು ಒಳಗೆ ಸರಿದಿರುತ್ತದೆ, ಮಿಕ್ಕವು ಎಡ ಮಾರ್ಜಿನ್‌ಗೆ ಅಂಟಿಕೊಂಡಿರುತ್ತವೆ. ಹ್ಯಾಂಗಿಂಗ್ ಇಂಡೆಂಟ್ ಇದರ ತಿರುವುಮುರುವು: ಮೊದಲ ಸಾಲು ಮಾರ್ಜಿನ್‌ನಿಂದಲೇ ಶುರು, ಎರಡನೆಯದರಿಂದ ಮುಂದಿನವೆಲ್ಲ ಅರ್ಧ ಇಂಚು ಒಳಗೆ. ಕಾಲೇಜಿನ ಇಂಗ್ಲಿಷ್ ಪ್ರಬಂಧದಲ್ಲಿ ಇದರ ಜಾಗ ಕೊನೆಯ ಗ್ರಂಥಋಣದ ಪುಟ. ಆಕರಗಳನ್ನು ನಮೂದಿಸುವ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯಲ್ಲಿ ಆ ಪುಟದ ಹೆಸರು ‘ವರ್ಕ್ಸ್ ಸೈಟೆಡ್’, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಪದ್ಧತಿಯಲ್ಲಿ ‘ರೆಫರೆನ್ಸಸ್’. ಅಳತೆ ಎರಡರಲ್ಲೂ ಒಂದೇ: 0.5 ಇಂಚು, ಎಂದರೆ 1.27 ಸೆಂಟಿಮೀಟರ್.

ಪ್ರಬಂಧದ ನಡುವೆ ಕಂಸದಲ್ಲಿ ‘ಅನಂತಮೂರ್ತಿ 42’ ಎಂದು, ಅಂದರೆ ಲೇಖಕರ ಹೆಸರು ಮತ್ತು ಪುಟಸಂಖ್ಯೆ, ಕಂಡವರು ಕೊನೆಯ ಪುಟಕ್ಕೆ ಬಂದು ಆ ಹೆಸರನ್ನು ಹುಡುಕುತ್ತಾರೆ. ಪಟ್ಟಿ ಅಕಾರಾದಿಯಾಗಿದ್ದು, ಹೆಸರುಗಳಷ್ಟೇ ಅಂಚಿಗೆ ಚಾಚಿಕೊಂಡಿದ್ದರೆ ಕಣ್ಣು ನೆಟ್ಟಗೆ ಕೆಳಗಿಳಿಯುತ್ತದೆ. ಹಾಗಾಗಿ ಅಂಚಿಗೆ ಯಾವ ಪದ ಬರಬೇಕೆಂಬುದೂ ಮುಖ್ಯ. ನಮ್ಮಲ್ಲಿ ಇನಿಷಿಯಲ್ ಮುಂದಿರುತ್ತದೆ, ಅದು ಊರಿನದೋ ತಂದೆಯದೋ ಆಗಿರುತ್ತದೆ. ಯು. ಆರ್. ಅನಂತಮೂರ್ತಿ ಎಂಬಲ್ಲಿ ‘ಯು’ ಎಂದರೆ ಉಡುಪಿ. ಇದ್ದಂತೆಯೇ ಬರೆದುಬಿಟ್ಟರೆ ಹೆಸರು ಇಂಗ್ಲಿಷಿನ ‘ಯು’ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ, ‘ಎ’ಯಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ‘ಅನಂತಮೂರ್ತಿ, ಯು. ಆರ್.’ ಎಂದೇ ಬರೆಯಬೇಕು. ಕುವೆಂಪು ಎಂಬಂಥ ಕಾವ್ಯನಾಮಕ್ಕೆ ಈ ತಾಪತ್ರಯವಿಲ್ಲ.

ವರ್ಡ್‌ನಲ್ಲಿ ಪಟ್ಟಿಯನ್ನೆಲ್ಲ ಸೆಲೆಕ್ಟ್ ಮಾಡಿ ಕಂಟ್ರೋಲ್ ಮತ್ತು ಟಿ ಒತ್ತಿದರೆ ಸಾಕು. ಮೆನುವಿನಿಂದಾದರೆ ಪ್ಯಾರಾಗ್ರಾಫ್, ಸ್ಪೆಷಲ್, ಹ್ಯಾಂಗಿಂಗ್. ಅದೇ ಪೆಟ್ಟಿಗೆಯಲ್ಲಿ ಲೈನ್ ಸ್ಪೇಸಿಂಗ್ ಡಬಲ್ ಮಾಡಿ, ‘ಆಫ್ಟರ್’ ಎಂಬಲ್ಲಿ 0 ಹಾಕಿ; ಇಲ್ಲದಿದ್ದರೆ ವರ್ಡ್ ತಾನೇ ತುಂಬುವ 8 ಪಾಯಿಂಟ್‌ನಿಂದ ನಮೂದುಗಳ ನಡುವೆ ಬೇಡದ ಸಂದು ಬೀಳುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್-ಟಿ ಒತ್ತಿದರೆ ಬ್ರೌಸರ್‌ನ ಹೊಸ ಟ್ಯಾಬ್ ತೆರೆದುಕೊಳ್ಳುತ್ತದೆ, ಅಷ್ಟೆ. ಅಲ್ಲಿ ಫಾರ್ಮ್ಯಾಟ್ ಮೆನುವಿನ ಅಲೈನ್ ಅಂಡ್ ಇಂಡೆಂಟ್‌ನೊಳಗೆ ಇಂಡೆಂಟೇಷನ್ ಆಪ್ಷನ್ಸ್ ತೆರೆದು ಹ್ಯಾಂಗಿಂಗ್ ಆರಿಸಬೇಕು.

ಇಷ್ಟು ಸುಲಭವಿದ್ದರೂ ಬಹಳ ಮಂದಿ ಸಾಲಿನ ಕೊನೆಯಲ್ಲಿ ಎಂಟರ್ ಒತ್ತಿ, ಮುಂದಿನ ಸಾಲಿಗೆ ಟ್ಯಾಬ್ ಕೊಡುತ್ತಾರೆ. ಸ್ಕ್ರೀನ್ ಮೇಲೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಕೆಡುವುದು ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ. ನಿಮ್ಮ ಫೈಲ್ 8.5 ಇಂಚು ಅಗಲದ ಲೆಟರ್ ಅಳತೆಯಲ್ಲಿದ್ದು, ಅಂಗಡಿಯವರು ಪುಟವನ್ನು 8.27 ಇಂಚಿನ ಎ4ಗೆ ಬದಲಿಸಿದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಎಂಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಒಂದೇ ಪದ ಒಂಟಿಯಾಗಿ ಒಂದು ಸಾಲು ಹಿಡಿದು ಕೂರುತ್ತದೆ. ಆ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಇದೇ ಗತಿ. ಮೊದಲೇ ಪುಟವನ್ನು ಎ4 ಮಾಡಿಕೊಂಡು, ಪಿಡಿಎಫ್ ಒಯ್ಯಿರಿ.

ಶಿಫ್ಟ್-ಎಂಟರ್ ಇನ್ನೊಂದು ಕಳ್ಳ. ಅದು ಸಾಲು ಮುರಿಯುತ್ತದೆಯೇ ಹೊರತು ಪ್ಯಾರಾ ಮುಗಿಸುವುದಿಲ್ಲ. ಎರಡು ಪುಸ್ತಕಗಳ ನಡುವೆ ಅದನ್ನು ಒತ್ತಿದ್ದರೆ ವರ್ಡ್ ಎರಡನ್ನೂ ಒಂದೇ ನಮೂದೆಂದು ತಿಳಿದು ಎರಡನೇ ಲೇಖಕರ ಹೆಸರನ್ನು ಒಳಗೆ ತಳ್ಳುತ್ತದೆ. ಪತ್ತೆಹಚ್ಚಲು ಹೋಮ್ ಟ್ಯಾಬ್‌ನಲ್ಲಿರುವ ಪ್ಯಾರಾ ಚಿಹ್ನೆಯ ಗುಂಡಿ ಒತ್ತಿ. ಪ್ರತಿ ನಮೂದಿನ ಕೊನೆಗೆ ಒಂದೇ ಒಂದು ¶ ಇರಬೇಕು, ನಡುವೆ ಬಾಗಿದ ಬಾಣವಾಗಲಿ ಟ್ಯಾಬ್‌ನ ಬಾಣವಾಗಲಿ ಕಾಣಬಾರದು.