ಬರ ಬಂದರೂ ಎತ್ತು ಮಾರದಿರಲು ಏನು ಬೇಕು?

ಓದುಗರ ಪ್ರಶ್ನೆ: ಬರಗಾಲ ಬಂದಾಗಲೆಲ್ಲ ಇಥಿಯೋಪಿಯಾದಂಥ ದೇಶಗಳಿಗೆ ಟನ್ನುಗಟ್ಟಲೆ ಧಾನ್ಯ ಹೋಗುತ್ತದೆ. ಆದರೂ ಅದೇ ಹಳ್ಳಿಗಳು ಮತ್ತೆ ಮತ್ತೆ ಹಸಿವಿಗೆ ಸಿಲುಕುತ್ತವೆ. ಹೊರಗಿನ ನೆರವಿನಿಂದ ಹಳ್ಳಿಯ ಜನ ಮುಂದಿನ ಬರವನ್ನು ತಾವೇ ತಡೆದುಕೊಳ್ಳುವಂತಾಗುವುದು ನಿಜಕ್ಕೂ ಸಾಧ್ಯವೇ?

ಸಾಧ್ಯವಿದೆ. ಆದರೆ ಧಾನ್ಯ ಎಷ್ಟು ಬಂತು ಎಂದು ಕೇಳುವ ಮೊದಲು ಯಾವ ತಿಂಗಳಲ್ಲಿ ಬಂತು ಎಂದು ಕೇಳಬೇಕು.

ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ರೈತನ ಬದುಕು ನಿಂತಿರುವುದು ಒಂದು ಜೊತೆ ಎತ್ತುಗಳ ಮೇಲೆ. ಅಲ್ಲಿನ ಮುಖ್ಯ ಬೆಳೆ ಟೆಫ್, ರಾಗಿಗಿಂತಲೂ ಸಣ್ಣ ಕಾಳು. ಬಿತ್ತುವ ಮೊದಲು ಹೊಲವನ್ನು ಮೂರು ನಾಲ್ಕು ಸಲ ಉಳಬೇಕು. ಒಂದೇ ಎತ್ತು ಇರುವವನು ಮತ್ತೊಬ್ಬ ಒಂಟಿ ಎತ್ತಿನವನ ಜೊತೆ ಸೇರಿಕೊಂಡು ಇಬ್ಬರ ಹೊಲವನ್ನೂ ಸರದಿಯಂತೆ ಉಳುತ್ತಾನೆ. ಅಮ್ಹಾರಿಕ್ ಭಾಷೆಯಲ್ಲಿ ಇದನ್ನು ಮೆಕೆನಾಜೊ ಎನ್ನುತ್ತಾರೆ. ನಮ್ಮ ಮುಯ್ಯಿ ಪದ್ಧತಿ ಗೊತ್ತಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಎತ್ತೇ ಇಲ್ಲದವನು ಹೊಲವನ್ನು ಎತ್ತಿರುವವನಿಗೆ ಕೋರಿಗೆ ಕೊಟ್ಟು ಬಂದಷ್ಟು ಪಾಲಿನಲ್ಲಿ ಬದುಕುತ್ತಾನೆ.

ಮಳೆ ಕೈಕೊಟ್ಟಾಗ ಮೊದಲು ಊಟದ ಹೊತ್ತು ಕಡಿಮೆಯಾಗುತ್ತದೆ. ಆಮೇಲೆ ಕುರಿ, ಕೋಳಿ ಸಂತೆಗೆ ಹೋಗುತ್ತವೆ. ಆಮೇಲೆ ಸಾಲ. ಎಲ್ಲ ಮುಗಿದ ಮೇಲೆ ಎತ್ತಿನ ಸರದಿ. ಅಷ್ಟು ಹೊತ್ತಿಗೆ ಸುತ್ತಲಿನ ಊರಿನವರೆಲ್ಲ ಅದೇ ಸಂತೆಗೆ ಎತ್ತು ಹೊಡೆದುಕೊಂಡು ಬಂದಿರುತ್ತಾರೆ. ಎತ್ತಿನ ಬೆಲೆ ಕುಸಿದಿರುತ್ತದೆ, ಕಾಳಿನ ಬೆಲೆ ಏರಿರುತ್ತದೆ. ನಮ್ಮ ಬಯಲುಸೀಮೆಯಲ್ಲೂ ಇದು ಹೊಸದಲ್ಲ. ಬರದ ವರ್ಷ ಸಂತೆಯೊಂದರಲ್ಲಿ ಹಿರಿಯರೊಬ್ಬರು ಜೋಡೆತ್ತು ಮಾರಿ, ಕೊಟ್ಟಿಗೆಯ ಭಾಗ್ಯ ಹೋಗಬಾರದೆಂದು ಹಗ್ಗಗಳನ್ನು ಮಾತ್ರ ಬಿಚ್ಚಿಕೊಂಡು, ಹೆಗಲ ಮೇಲೆ ಹಾಕಿಕೊಂಡು ಬಸ್ ಹತ್ತಿದ್ದನ್ನು ನೋಡಿದ್ದೇನೆ. ಆ ಹಗ್ಗ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಎತ್ತು ಮಾರಿದ ಮೇಲೆ ನೆರವಿನ ಲಾರಿ ಬಂದರೆ ಜೀವ ಉಳಿಯುತ್ತದೆ. ಆದರೆ ಮರುವರ್ಷ ಮಳೆ ಚೆನ್ನಾಗಿ ಸುರಿದರೂ ಉಳಲು ಎತ್ತಿರುವುದಿಲ್ಲ. ಒಳ್ಳೆಯ ಮಳೆಯ ವರ್ಷಗಳಲ್ಲೂ ಇಥಿಯೋಪಿಯಾದಲ್ಲಿ ಲಕ್ಷಾಂತರ ಜನಕ್ಕೆ ತುರ್ತು ಆಹಾರ ಬೇಕಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. 2002–03ರ ಬರದಲ್ಲಂತೂ ಅಂಥವರ ಸಂಖ್ಯೆ ಸುಮಾರು 1.3 ಕೋಟಿ ಮುಟ್ಟಿತು.

ಆ ಪೆಟ್ಟಿನ ನಂತರ, 2005ರಲ್ಲಿ, ಅಲ್ಲಿನ ಸರ್ಕಾರ ವಿಶ್ವಬ್ಯಾಂಕ್ ಮತ್ತು ಹಲವು ದಾನಿ ದೇಶಗಳ ಹಣದಿಂದ ‘ಉತ್ಪಾದಕ ಸುರಕ್ಷತಾ ಜಾಲ’ ಎಂಬ ಯೋಜನೆ ಆರಂಭಿಸಿತು. ಬರ ಬಂದ ಮೇಲೆ ಮನವಿ ಮಾಡುವುದನ್ನು ಬಿಟ್ಟು, ಪ್ರತಿ ವರ್ಷ ಹಸಿಯುವ ಮನೆಗಳಿಗೆ ಬರವಿರಲಿ ಇಲ್ಲದಿರಲಿ ವರ್ಷಕ್ಕೆ ಆರು ತಿಂಗಳು ಧಾನ್ಯ ಅಥವಾ ಹಣ ಕೊಡುವುದು ಅದರ ಲೆಕ್ಕಾಚಾರ. ಮೊದಲ ವರ್ಷ ಸುಮಾರು 50 ಲಕ್ಷ ಜನ, ಮುಂದೆ 70 ಲಕ್ಷಕ್ಕೂ ಹೆಚ್ಚು. ಯಾರಿಗೆ ಸಿಗಬೇಕೆಂದು ಊರಿನ ಸಮಿತಿಯೇ ಪಟ್ಟಿ ಮಾಡುತ್ತದೆ. ದುಡಿಯಬಲ್ಲವರು ಮಣ್ಣು, ನೀರು ಉಳಿಸುವ ಕೆಲಸ ಮಾಡಬೇಕು. ವೃದ್ಧರು, ಅಂಗವಿಕಲರು, ಬಸುರಿಯರಿಗೆ ಕೆಲಸವಿಲ್ಲದೆಯೇ ಪಾಲು. ಕೆಲಸ ನಡೆಯುವುದು ಹೆಚ್ಚಾಗಿ ಜನವರಿಯಿಂದ ಜೂನ್‌ವರೆಗೆ, ಹೊಲದ ಕೆಲಸ ಕಡಿಮೆಯಿರುವಾಗ. ಗುಡ್ಡದ ಇಳಿಜಾರಿಗೆ ಕಲ್ಲಿನ ಕಟ್ಟೆ ಕಟ್ಟುತ್ತಾರೆ, ಹೊಂಡ ತೋಡುತ್ತಾರೆ, ಬೋಳು ಗುಡ್ಡಕ್ಕೆ ದನ ಬಿಡದೆ, ಅಲ್ಲಿ ಬೆಳೆದ ಹುಲ್ಲನ್ನು ಕೊಯ್ದು ತಂದು ದನಗಳಿಗೆ ಹಾಕುತ್ತಾರೆ. ತಳದ ಹೊಲಗಳಿಗೆ ಕೊಚ್ಚಿ ಬರುತ್ತಿದ್ದ ಮಣ್ಣು ಮೇಲೆಯೇ ನಿಲ್ಲುತ್ತದೆ.

ಆರಂಭದಲ್ಲಿ ಕೂಲಿ ದಿನಕ್ಕೆ 6 ಬಿರ್ರ್ (ಅಲ್ಲಿನ ಹಣ) ಅಥವಾ 3 ಕಿಲೋ ಧಾನ್ಯ. 2007–08ರಲ್ಲಿ ಆಹಾರದ ಬೆಲೆ ಗಗನಕ್ಕೇರಿತು. ಕೂಲಿಯನ್ನು 8 ಬಿರ್ರ್‌ಗೆ ಏರಿಸಿದರು, ಆದರೆ ಅಷ್ಟಕ್ಕೆ ಮೊದಲಿನಷ್ಟು ಕಾಳು ಸಿಗುವಂತಿರಲಿಲ್ಲ. ಹಣ ಪಡೆಯುತ್ತಿದ್ದವರು ಧಾನ್ಯವನ್ನೇ ಕೊಡಿ ಎಂದರು. ಅದಕ್ಕಿಂತ ದೊಡ್ಡ ತೊಡಕು ವಿಳಂಬದ್ದು. ಏಪ್ರಿಲ್‌ನ ಕೂಲಿ ಜುಲೈನಲ್ಲಿ ಬರುವುದಾದರೆ ಮೇ ತಿಂಗಳಲ್ಲೇ ಎತ್ತು ಸಂತೆ ಸೇರುತ್ತದೆ. ನೆರವಿನ ಬಗ್ಗೆ ಬರುವ ವರದಿಗಳಲ್ಲಿ ಒಟ್ಟು ಮೊತ್ತ ದಪ್ಪಕ್ಷರದಲ್ಲಿರುತ್ತದೆ, ಕೈಸೇರಿದ ತಾರೀಖು ಇರುವುದಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

2011ರಲ್ಲಿ ಆಫ್ರಿಕಾದ ಕೊಂಬಿನಲ್ಲಿ, ಅಂದರೆ ಇಥಿಯೋಪಿಯಾ, ಸೊಮಾಲಿಯಾಗಳಿರುವ ಪೂರ್ವದ ತುದಿಯಲ್ಲಿ, ಭೀಕರ ಬರ ಬಿತ್ತು. ಆಗ ಈ ಜಾಲದ ಬೆಲೆ ತಿಳಿಯಿತು. ಹೆಸರುಪಟ್ಟಿ, ಗೋದಾಮು, ಹಂಚುವವರು ಎಲ್ಲ ಮೊದಲೇ ಸಿದ್ಧವಿದ್ದುದರಿಂದ ಹಳೆಯ ಫಲಾನುಭವಿಗಳಿಗೆ ಇನ್ನಷ್ಟು ತಿಂಗಳು, ಹೊಸದಾಗಿ ಸುಮಾರು 31 ಲಕ್ಷ ಜನಕ್ಕೆ ಮೂರು ತಿಂಗಳು ನೆರವು ಕೊಡಲು ಸಾಧ್ಯವಾಯಿತು. ಅದೇ ಜುಲೈನಲ್ಲಿ ಪಕ್ಕದ ಸೊಮಾಲಿಯಾದ ದಕ್ಷಿಣ ಭಾಗದಲ್ಲಿ ವಿಶ್ವಸಂಸ್ಥೆ ಕ್ಷಾಮ ಘೋಷಿಸಬೇಕಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ; ಸೊಮಾಲಿಯಾ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು, ನೆರವಿಗೆ ದಾರಿಯೇ ಮುಚ್ಚಿದ ಜಾಗಗಳಿದ್ದವು.

ಯುದ್ಧದ ಮುಂದೆ ಯಾವ ಜಾಲವೂ ನಿಲ್ಲುವುದಿಲ್ಲ ಎಂಬುದನ್ನು ಇಥಿಯೋಪಿಯಾವೂ ಕಂಡಿತು. ಕಲ್ಲುಕಟ್ಟೆಗಳಿಗೆ ಹೆಸರಾದ, ದೇಶದ ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ 2020ರ ನವೆಂಬರ್‌ನಿಂದ ಎರಡು ವರ್ಷ ಕಾಳಗ ನಡೆಯಿತು. ಸೈನಿಕರು ರೈತರ ಎತ್ತುಗಳನ್ನು ಕೊಂದರು, ದೋಚಿದರು. ಕೆಲವೆಡೆ ಉಳಲೂ ಬಿಡಲಿಲ್ಲ. ಹತ್ತಾರು ವರ್ಷ ಹೊತ್ತು ಕಟ್ಟಿದ ಕಟ್ಟೆಗಳ ನಡುವೆ ಹೊಲಗಳು ಬೀಳುಬಿದ್ದವು.

ನಮ್ಮ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯನ್ನು ಅಂಗೀಕರಿಸಿದ್ದೂ 2005ರಲ್ಲಿಯೇ. ಕೂಲಿ 15 ದಿನಗಳೊಳಗೆ ಸಿಗಬೇಕೆಂಬ ಮಾತು ಅದರಲ್ಲಿತ್ತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಹಳ್ಳಿಯ ಮನೆಗಳಿಗೆ ಆ ‘15 ದಿನ’ ಎಂಬ ಮಾತಿನ ತೂಕವೇನೆಂದು ಗೊತ್ತಿತ್ತು. ಆದ್ದರಿಂದ ಪ್ರಶ್ನೆ ಕೇಳಿದವರಲ್ಲಿ ನನ್ನದೊಂದು ಕೋರಿಕೆ. ಬರಪರಿಹಾರಕ್ಕೆ ದೇಣಿಗೆ ಕೇಳುವ ಸಂಸ್ಥೆ ನಿಮ್ಮ ಬಾಗಿಲಿಗೆ ಬಂದರೆ ಎರಡು ವಿಷಯ ವಿಚಾರಿಸಿ: ಕಳೆದ ಬರದಲ್ಲಿ ಮೊದಲ ಕಂತು ಯಾವ ತಿಂಗಳಲ್ಲಿ ಮನೆ ಮುಟ್ಟಿತು, ಅಷ್ಟರೊಳಗೆ ಆ ಊರಿನಲ್ಲಿ ಎಷ್ಟು ಮನೆಯವರು ಎತ್ತು ಮಾರಿದ್ದರು?